ಬಳ್ಳಾರಿಯ ಆ ಜೆರಾಕ್ಸ್ ಅಂಗಡಿ ಅಣ್ಣನಿಗೆ

ಅವತ್ತು ರಾತ್ರಿ ಬಸ್ಸಿಗೆ ಉಡುಪಿಗೆ ಹೊರಡಬೇಕಿತ್ತು. ಮಲ್ಪೆ ಬಂದರಿನಲ್ಲಿ ಮೀನುಗಾರರಿಗೆ ಹಂಚಬೇಕಿದ್ದ ಶಾರ್ಕ್ ಜಾತಿ ಗುರುತಿಸುವ ಚಿತ್ರದ ಕಾರ್ಡುಗಳಿಗೆ ಲ್ಯಾಮಿನೇಷನ್ನೇ ಆಗಿರಲಿಲ್ಲ. ಒಪ್ಪಿಕೊಂಡಿದ್ದ ಅಂಗಡಿಯವರು ಸಂಜೆ ಮಷೀನ್ ಕೆಟ್ಟಿದೆ ಎಂದು ಕೈಚೆಲ್ಲಿದ್ದರು. ಸಂಶೋಧನೆಗೆ ಸೇರಿದ ಮೇಲೆ ನನಗೊಬ್ಬಳಿಗೇ ಒಪ್ಪಿಸಿದ್ದ ಮೊದಲ ಕೆಲಸ ಅದು. ರಾಯಲ್ ಸರ್ಕಲ್ ಹತ್ತಿರ ಶಟರ್ ಅರ್ಧ ಎಳೆದಿದ್ದ ನೀವು, ನನ್ನ ಮುಖ ನೋಡಿ ಮತ್ತೆ ಮೇಲೆತ್ತಿದಿರಿ.

"ಸಮುದ್ರದ ಕೆಲ್ಸ ಬಳ್ಳಾರ್ಯಾಗ ಮಾಡಸ್ತೀಯೇನವ್ವಾ?" ಎಂದು ನಕ್ಕಿರಿ. ಮನೆ ಇಲ್ಲೇ ಅಣ್ಣಾ, ಅಂದೆ.

ಮಷೀನ್ ಬಿಸಿಯಾಗುವ ತನಕ ಒಂದೊಂದೇ ಚಿತ್ರ ತೋರಿಸಿ ಕೇಳಿದಿರಿ. ಬಿಳಿ ಚುಕ್ಕಿಯದು ತಿಮಿಂಗಿಲ ಶಾರ್ಕ್, ಮೀನುಗಳಲ್ಲೆಲ್ಲ ದೊಡ್ಡದು, 2001ರಿಂದ ಅದಕ್ಕೆ ಕಾನೂನಿನ ರಕ್ಷಣೆಯಿದೆ ಎಂದೆ. ಬಲೆಗೆ ಬಿದ್ದ ಶಾರ್ಕುಗಳ ಫೋಟೊ, ಉದ್ದವನ್ನು ಮೀನುಗಾರರೇ ದಾಖಲಿಸಿದರೆ ಯಾವ ಜಾತಿ ಎಲ್ಲಿ ಸಿಗುತ್ತಿದೆ ಎಂದು ತಿಳಿಯುತ್ತದೆ ಎಂದೂ ಹೇಳಿದೆ. "ಹಂಗಾರ ಒದ್ದಿ ಕೈಯಾಗ ಹಿಡೀತಾರ" ಅಂದವರೇ ಕತ್ತರಿ ತಗೊಂಡು ಪ್ರತಿ ಕಾರ್ಡಿನ ಚೂಪು ಮೂಲೆ ದುಂಡಗೆ ಮಾಡಿದಿರಿ. ಒಳಗೆ ನೀರಿಳಿಯಬಾರದೆಂದು ಬರೀ ಪ್ಲಾಸ್ಟಿಕ್ ಅಂಚಿಗೆ ತೂತು ಹೊಡೆದು ದಾರ ಕಟ್ಟಿದಿರಿ. ಇದು ನಮ್ಮ ತಂಡದಲ್ಲಿ ಯಾರಿಗೂ ಹೊಳೆದಿರಲಿಲ್ಲ!

ದಾರದ ದುಡ್ಡು ಬೇಡವೆಂದಿರಿ. ಮಲ್ಪೆಯಲ್ಲಿ ಒಬ್ಬರು ಕಾರ್ಡನ್ನು ಬೋಟಿನ ಕ್ಯಾಬಿನ್ನಿನಲ್ಲೇ ತೂಗುಹಾಕಿಕೊಂಡರು.

ಥ್ಯಾಂಕ್ಸ್ ಅಣ್ಣಾ. ಬಸ್ ಸಿಕ್ಕಿತು.