ಬೇಲಿ ಹಾಕಿದರೆ ಸಾಕಾ? ಗೆಳೆಯನಿಗೊಂದು ಪತ್ರ

ಪ್ರಿಯ ಮಂಜು,

ಗಡಿಗೆ ಬೇಲಿ ಹಾಕಿ ಸೈನ್ಯ ಜಾಸ್ತಿ ಮಾಡಿದರೆ ಉಗ್ರರ ಕಾಟ ತಪ್ಪುತ್ತದೆ ಅಂತ ಮೊನ್ನೆ ಫೋನಲ್ಲಿ ವಾದ ಮಾಡಿದೆಯಲ್ಲ, ಅದಕ್ಕೇ ಈ ಪತ್ರ. ಅಷ್ಟು ಸಾಕಾಗಲ್ಲ ಕಣೋ.

ನಮ್ಮ ಕೋಣನಕುಂಟೆಯನ್ನೇ ತಗೋ. ಈಗ ಅಲ್ಲಿ ಮೆಟ್ರೊ ಇದೆ, ಅಪಾರ್ಟ್‌ಮೆಂಟುಗಳು ತುಂಬಿವೆ. 1991ರಲ್ಲಿ ಊರಾಚೆಯ ಹಳ್ಳಿ. ರಾಜೀವ್ ಗಾಂಧಿ ಹತ್ಯೆಯ ಸಂಚುಕೋರ, ಶ್ರೀಲಂಕಾದ ಎಲ್‌ಟಿಟಿಇಯ ಶಿವರಾಸನ್ ಕೊನೆಗೆ ಅಡಗಿದ್ದು ಅಲ್ಲಿನ ಒಂದು ಮನೆಯಲ್ಲಿ. ಆಗಸ್ಟ್‌ನಲ್ಲಿ ಪೊಲೀಸರು ಸುತ್ತುವರಿದಾಗ ಒಳಗಿದ್ದವರೆಲ್ಲ ಸತ್ತರು. ಸಮುದ್ರ ದಾಟಿ ಬಂದವರು ಕೆಲವರೇ. ಅವರಿಗೆ ಮನೆ, ಗಾಡಿ, ಊಟ ಒದಗಿಸಿದವರು ಈಚೆ ದಡದಲ್ಲೇ ಇದ್ದರು.

ನನ್ನನ್ನು ಜಾಸ್ತಿ ಕಾಡುವುದು 2019ರ ಈಸ್ಟರ್ ದಿನ ಶ್ರೀಲಂಕಾದಲ್ಲಿ ನಡೆದ ಬಾಂಬ್ ದಾಳಿ. ಕೊಯಮತ್ತೂರಿನ ಒಂದು ಕೇಸಿನ ಬೆನ್ನು ಹತ್ತಿದ್ದ ನಮ್ಮ ತನಿಖಾಧಿಕಾರಿಗಳಿಗೆ ಆ ದಾಳಿಯ ಮುಖ್ಯ ಸಂಚುಕೋರ ಝಹ್ರಾನ್ ಹಾಶಿಮ್‌ನ ವಿಡಿಯೊಗಳು ಸಿಕ್ಕಿದ್ದವು. ಏಪ್ರಿಲ್ 4ಕ್ಕೇ ಭಾರತ ಕೊಲಂಬೊಗೆ ಹೇಳಿತ್ತು, ಅವನ ಹೆಸರು ಸಮೇತ, ಚರ್ಚುಗಳ ಮೇಲೆ ಕಣ್ಣಿದೆ ಅಂತಲೂ. ಅಲ್ಲಿ ಅಧ್ಯಕ್ಷರಿಗೂ ಪ್ರಧಾನಿಗೂ ಆಗಿಬರುತ್ತಿರಲಿಲ್ಲ, ಅವರ ರಾಷ್ಟ್ರೀಯ ಭದ್ರತಾ ಮಂಡಳಿಯ ಸಭೆಗೆ ಪ್ರಧಾನಿಯನ್ನು ಕರೆಯುತ್ತಲೇ ಇರಲಿಲ್ಲ, ಆ ಎಚ್ಚರಿಕೆ ಅಧಿಕಾರಿಗಳ ಕೈಯಿಂದ ಕೈಗೆ ಸುತ್ತುತ್ತಾ ಉಳಿಯಿತು. 21ರಂದು 250ಕ್ಕೂ ಹೆಚ್ಚು ಜನ ಸತ್ತರು. 18ಕ್ಕೆ ಇಲ್ಲಿ ಮತದಾನ ಮುಗಿಸಿ, ಸ್ವಲ್ಪ ಸುಧಾರಿಸಿಕೊಳ್ಳೋಣ ಅಂತ ಹೋಗಿದ್ದ ಬೆಂಗಳೂರು, ತುಮಕೂರು ಕಡೆಯ ಜೆಡಿಎಸ್ ಕಾರ್ಯಕರ್ತರೂ ಕೊಲಂಬೊದ ಶಾಂಗ್ರಿಲಾ ಹೋಟೆಲಿನಲ್ಲಿ ಪ್ರಾಣ ಬಿಟ್ಟರು. ಹದಿನೇಳು ದಿನ ಇತ್ತು ಮಂಜು, ತಡೆಯೋಕೆ.

ಅಕ್ಕಪಕ್ಕದ ದೇಶಗಳು ಕೈಜೋಡಿಸೋದು ಆಗೋದೇ ಇಲ್ಲ ಅಂತಲ್ಲ. ಅಸ್ಸಾಂ, ಉತ್ತರ ಬಂಗಾಳ ಕಡೆಯ ಬಂಡುಕೋರ ಸಂಘಟನೆಗಳಾದ ಉಲ್ಫಾ, ಎನ್‌ಡಿಎಫ್‌ಬಿ, ಕೆಎಲ್‌ಒ ಮೂರೂ ಭೂತಾನಿನ ದಕ್ಷಿಣದ ಕಾಡಲ್ಲಿ ಬಿಡಾರ ಹೂಡಿದ್ದವು. ವರ್ಷಗಟ್ಟಲೆ ಮಾತಾಡಿ ನೋಡಿದ ಭೂತಾನ್, 2003ರ ಡಿಸೆಂಬರ್‌ನಲ್ಲಿ ತನ್ನ ಪುಟ್ಟ ಸೈನ್ಯವನ್ನೇ ನುಗ್ಗಿಸಿತು. ಈ ಕಡೆ ನಮ್ಮವರು ಗಡಿ ಮುಚ್ಚಿದರು. ಸುಮಾರು 30 ಶಿಬಿರ ಎದ್ದುಹೋದವು. 2009ರಲ್ಲಿ ಬಾಂಗ್ಲಾದೇಶವೂ ಉಲ್ಫಾ ನಾಯಕರನ್ನು ನಮಗೆ ಒಪ್ಪಿಸಿತು, ಆಮೇಲೇ ಮಾತುಕತೆಗೆ ದಾರಿಯಾಯಿತು.

ಪಕ್ಕದ ಮನೆಗೆ ಕಚ್ಚಲಿ ಅಂತ ಹಾವು ಸಾಕಿದವರ ಗತಿಯೂ ಗೊತ್ತಲ್ವಾ. ಅಫ್ಗಾನ್ ತಾಲಿಬಾನಿಗೆ ವರ್ಷಾನುಗಟ್ಟಲೆ ನೆಲೆ ಕೊಟ್ಟ ಪಾಕಿಸ್ತಾನ, 2021ರಲ್ಲಿ ಅವರು ಕಾಬೂಲ್ ಹಿಡಿದ ಮೇಲೆ ಪಾಕಿಸ್ತಾನಿ ತಾಲಿಬಾನ್ ಆದ ಟಿಟಿಪಿಯ ದಾಳಿಗಳಿಂದ ತತ್ತರಿಸುತ್ತಿದೆ. ಸಾಯುತ್ತಿರುವವರು ಅಲ್ಲಿನ ಪೊಲೀಸರು, ಬಡಪಾಯಿಗಳು.

ದಕ್ಷಿಣ ಏಷ್ಯಾದ ಕೂಟವಾದ ಸಾರ್ಕ್ ದೇಶಗಳು ಭಯೋತ್ಪಾದನೆ ತಡೆಯಲು ಒಪ್ಪಂದ ಮಾಡಿಕೊಂಡಿದ್ದು 1987ರಲ್ಲಿ. 2014ರ ಮೇಲೆ ಅವುಗಳ ಶೃಂಗಸಭೆಯೇ ನಡೆದಿಲ್ಲ. ನಾಯಕರು ಮುಖ ನೋಡದಿದ್ದರೆ ಬೇಡ, ತನಿಖಾಧಿಕಾರಿಗಳಾದರೂ ನೇರವಾಗಿ ಮಾತಾಡಿಕೊಳ್ಳಲಿ, ಬಂದ ಎಚ್ಚರಿಕೆ ಅವತ್ತೇ ಠಾಣೆ ಮುಟ್ಟಲಿ.

ಒಪ್ಪಲ್ಲ ಅಂದ್ರೆ ಬರೆ. ಭೂತಾನಿನ ವಿಷಯಕ್ಕೆ ನೀನೇನಂತೀಯ ಅಂತ ತಿಳಿಯಬೇಕು ನನಗೆ.

ನಿನ್ನ,
ರವಿ
ಬೆಂಗಳೂರು