'ಪ್ರೊಮೀಥಿಯಸ್' ಬೈದವರ ಲೆಕ್ಕ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

'ಏಲಿಯನ್' ಮೊದಲು ನೋಡಲೋ 'ಪ್ರೊಮೀಥಿಯಸ್' ಮೊದಲು ನೋಡಲೋ ಅಂತ ಕೇಳಿದ್ದೆ. ಉತ್ತರ ಒಂದೇ ಸಾಲಿನದು: 1979ರದ್ದು ಮೊದಲು, 2012ರದ್ದು ಆಮೇಲೆ. ಕಥೆಯ ಇಸವಿ ನೋಡಿದರೆ ಪ್ರೊಮೀಥಿಯಸ್ ನಡೆಯುವುದು 2093ರಲ್ಲಿ, ಏಲಿಯನ್ 2122ರಲ್ಲಿ. ಆದರೂ ಆ ಕ್ರಮದಲ್ಲಿ ನೋಡಬೇಡ. ಹಳೆಯ ಚಿತ್ರದಲ್ಲಿ ಕುರ್ಚಿಯಲ್ಲೇ ಕಲ್ಲಾಗಿ ಕೂತಿರುವ, ಎದೆಗೂಡು ಒಳಗಿನಿಂದ ಒಡೆದಿರುವ ಆ ದೈತ್ಯ ಯಾರು ಅನ್ನುವ ಪ್ರಶ್ನೆ ತಲೆಯಲ್ಲಿ ಇಲ್ಲದಿದ್ದರೆ, ಅದಕ್ಕೂ ಹಿಂದಿನ ಕಥೆ ಹೇಳುವ ಈ ಪ್ರೀಕ್ವೆಲ್‌ನ ಅರ್ಧ ರುಚಿ ಹೋಯಿತು.

ಇನ್ನೊಂದು ಪ್ರಶ್ನೆಗೆ ಮಾತ್ರ ಉದ್ದ ಕಾಗದವೇ ಬೇಕು. ರಿಡ್ಲಿ ಸ್ಕಾಟ್‌ನಂಥ ನಿರ್ದೇಶಕ, 12-13 ಕೋಟಿ ಡಾಲರ್ ಖರ್ಚು, 40 ಕೋಟಿ ಡಾಲರ್ ಗಳಿಕೆ, ವಿಮರ್ಶಕ ರೋಜರ್ ಎಬರ್ಟ್ ಕೊಟ್ಟ ನಾಲ್ಕಕ್ಕೆ ನಾಲ್ಕು ತಾರೆ. ಇಷ್ಟೆಲ್ಲ ಇದ್ದೂ ನೋಡಿದವರು ಯಾಕೆ ಇಷ್ಟು ಬೈಯುತ್ತಾರೆ ಅಂತ ನಿನ್ನ ಪ್ರಶ್ನೆ. ಬೈಗುಳಗಳನ್ನು ಕೇರಿ ಹಸನು ಮಾಡಿದರೆ ಮೂರು ಗುಡ್ಡೆ ಬೀಳುತ್ತವೆ. ಕೆಲವು ಚಿತ್ರದ ಅಪ್ಪಟ ತಪ್ಪು. ಕೆಲವು ಸಂಕಲನದ ಮೇಜಿನ ಮೇಲೆ ಆದ ತಪ್ಪು: ಕಾರಣ ಚಿತ್ರೀಕರಿಸಿದ್ದರು, ಕತ್ತರಿಸಿ ಎಸೆದರು. ಉಳಿದವು ನೋಡುಗ ಮನೆಯಿಂದಲೇ ಕಟ್ಟಿಕೊಂಡು ಬಂದ ನಿರೀಕ್ಷೆಯ ತಪ್ಪು. ಮುಂದಿನದನ್ನು ಕಥೆ ಬಿಚ್ಚಿಡದೆ ಹೇಳಲು ಬರುವುದಿಲ್ಲ. ಬೇಡ ಅನ್ನಿಸಿದರೆ ಇಲ್ಲೇ ಮಡಿಚಿಟ್ಟು, ನೋಡಿ ಬಂದು ಓದು.

ಕಥೆ ಇಷ್ಟು: ಮನುಷ್ಯಕುಲವನ್ನು ಹುಟ್ಟಿಸಿದವರನ್ನು ಹುಡುಕಿಕೊಂಡು ವಿಜ್ಞಾನಿಗಳ ತಂಡವೊಂದು ಅಂತರಿಕ್ಷದ ಹಡಗಿನಲ್ಲಿ ದೂರದ ಲೋಕಕ್ಕೆ ಹೋಗುತ್ತದೆ. ಎಲ್ಲರೂ ಮೊದಲು ಎತ್ತುವುದು ಅಲ್ಲಿ ದಾರಿ ತಪ್ಪುವ ಪ್ರಸಂಗ. ಫೈಫೀಲ್ಡ್ ಭೂವಿಜ್ಞಾನಿ. ಗುಹೆಯೊಳಗೆ ಹಾರುವ ಗುಂಡನೆಯ ಯಂತ್ರಗಳನ್ನು ಬಿಟ್ಟು ನಕ್ಷೆ ಬರೆಸುವವನೇ ಅವನು. ವಾಪಸ್ ಹೊರಟಾಗ ದಾರಿ ತಪ್ಪಿ ಒಳಗೇ ಉಳಿಯುವವನೂ ಅವನೇ. ನಕ್ಷೆ ತೆಗೆಯುವವನಿಗೇ ದಾರಿ ಗೊತ್ತಾಗದೇ ಅಂತ ಜನ ನಗುತ್ತಾರೆ. ನಗಲಿ, ತಪ್ಪಿಲ್ಲ. ಆದರೆ ಒಂದು ಗಮನಿಸು: ಆ ನಕ್ಷೆ ಮೂಡುವುದು ಹಡಗಿನ ಮೇಜಿನ ಮೇಲೆ, ಅವನ ಕೈಯಲ್ಲಲ್ಲ. ಅದನ್ನು ನೋಡುತ್ತಾ ರೇಡಿಯೋದಲ್ಲಿ ದಾರಿ ಹೇಳಬೇಕಾದವನು ಕ್ಯಾಪ್ಟನ್ ಜಾನೆಕ್. ಅವನು ಆ ಒಂದು ಕೆಲಸ ಮಾಡುವುದಿಲ್ಲ. ಮುಂದೆ ಬಿರುಗಾಳಿ ಎದ್ದು ಫೈಫೀಲ್ಡ್ ಮತ್ತು ಅವನ ಜೊತೆಗಾರ ಇಬ್ಬರೂ ರಾತ್ರಿ ಒಳಗೇ ಉಳಿದಾಗ, ಯಾನದ ಉಸ್ತುವಾರಿ ಹೊತ್ತ ವಿಕರ್ಸ್ ಕರೆದಳೆಂದು ಜಾನೆಕ್ ಪರದೆಗಳನ್ನು ಬಿಟ್ಟು ಅವಳ ಕೋಣೆಗೆ ಹೋಗುತ್ತಾನೆ. ಒಳಗೆ ಇಬ್ಬರು ಸಾಯುವ ಹೊತ್ತಿಗೆ ಪರದೆಯ ಮುಂದೆ ಯಾರೂ ಇರುವುದಿಲ್ಲ. ಆ ಖಾಲಿ ಕುರ್ಚಿಗೆ ಚಿತ್ರದೊಳಗೇ ಕಾರಣವಿದೆ. ದಾರಿ ತಪ್ಪಿದ್ದಕ್ಕೆ ಮಾತ್ರ ಇಲ್ಲ. ಒಂದೇ ಒಂದು ಮಾತಿನಲ್ಲಿ ಸರಿಹೋಗುತ್ತಿತ್ತು: 'ರೇಡಿಯೋ ಸಿಗುತ್ತಿಲ್ಲ.' ಬರೆಯಲಿಲ್ಲ, ಅಷ್ಟೆ.

ಜೊತೆಗಿದ್ದ ಮಿಲ್‌ಬರ್ನ್‌ನದ್ದು ಬೇರೆ ಕಥೆ. ಅವನು ಜೀವವಿಜ್ಞಾನಿ. ಸಾವಿರಾರು ವರ್ಷದ ಹಿಂದೆ ಸತ್ತ ದೈತ್ಯನ ಹೆಣ ಕಂಡು ಹೆದರಿ ಓಡುತ್ತಾನೆ. ಸ್ವಲ್ಪ ಹೊತ್ತಿಗೆ ನಾಗರ ಹಾವಿನಂತೆ ಹೆಡೆಯೆತ್ತಿ ಬುಸುಗುಡುವ ಬಿಳಿ ಪ್ರಾಣಿ ಕಂಡರೆ ಮಗುವನ್ನು ಮುದ್ದು ಮಾಡುವವನ ಹಾಗೆ ಕೈ ಚಾಚುತ್ತಾನೆ. ಅದು ಕೈ ಮುರಿದು, ಸೂಟಿನೊಳಗೆ ನುಗ್ಗಿ ಕೊಲ್ಲುತ್ತದೆ. 'ಇವನು ಯಾವ ಸೀಮೆ ಜೀವವಿಜ್ಞಾನಿ' ಅನ್ನುವುದು ಇಡೀ ಚಿತ್ರದ ಮೇಲಿನ ಅತಿ ಜನಪ್ರಿಯ ದೂರು. ಈಗ ಬ್ಲೂ-ರೇ ಡಿಸ್ಕಿನಲ್ಲಿ ಕೈಬಿಟ್ಟ ದೃಶ್ಯಗಳನ್ನು ತೆರೆದು ನೋಡು. ಅಲ್ಲಿ ಅದೇ ಮಿಲ್‌ಬರ್ನ್ ಗುಹೆಯಲ್ಲಿ ಒಂದು ಪುಟ್ಟ ಹುಳು ಹಿಡಿದು, ಮನುಷ್ಯ ಕಂಡ ಮೊದಲ ಅನ್ಯಲೋಕದ ಜೀವಿ ಇದು ಅಂತ ಹಿಗ್ಗುತ್ತಾನೆ. ಆ ಹುಳುವಿನಿಂದ ಅವನಿಗೆ ಏನೂ ಆಗುವುದಿಲ್ಲ. ಅದು ಚಿತ್ರದಲ್ಲಿ ಉಳಿದಿದ್ದರೆ ಎರಡು ಕೆಲಸ ಆಗುತ್ತಿತ್ತು: ಹೆಣಕ್ಕೆ ಹೆದರಿದವನು ಜೀವಂತ ಪ್ರಾಣಿಗೆ ಯಾಕೆ ಹೆದರಲಿಲ್ಲ ಎಂಬುದು ತಿಳಿಯುತ್ತಿತ್ತು, ಹುಳು ಬಂದು ಹಾವಾದ ದಾರಿಯೂ ಕಣ್ಣಿಗೆ ಬೀಳುತ್ತಿತ್ತು. ಕಾಲದ ಉಳಿತಾಯಕ್ಕೆ ಒಂದು ಪುಟ್ಟ ದೃಶ್ಯ ತೆಗೆದರು, ಪಾತ್ರವೊಂದು ಪೆದ್ದನಾಗಿ ಶಾಶ್ವತವಾಗಿ ಉಳಿಯಿತು.

ಕೊನೆಯ ಎಂಜಿನಿಯರ್‌ನ ಪ್ರಸಂಗದಲ್ಲೂ ಕತ್ತರಿಯ ಕೈವಾಡವೇ. (ಎಂಜಿನಿಯರ್ ಅಂದರೆ ಮನುಷ್ಯಕುಲವನ್ನು ಹುಟ್ಟಿಸಿದವರಿಗೆ ಚಿತ್ರದಲ್ಲಿಟ್ಟ ಹೆಸರು. ಬೆಂಗಳೂರಲ್ಲಿ ಕೂತು ನೋಡುವಾಗ ಅಲ್ಲಲ್ಲಿ ನಗು ಬರುತ್ತೆ, ತಡೆದುಕೋ.) ನಿದ್ದೆಯಿಂದ ಎಬ್ಬಿಸಿದ ಕೂಡಲೇ ಅವನು ಯಂತ್ರಮಾನವ ಡೇವಿಡ್‌ನ ತಲೆ ಸವರುತ್ತಾನೆ, ಮರುಕ್ಷಣ ಅದನ್ನು ಕಿತ್ತು ಅದರಿಂದಲೇ ಈ ಯಾನಕ್ಕೆ ದುಡ್ಡು ಹಾಕಿದ ಮುದುಕ ವೇಲ್ಯಾಂಡನನ್ನು ಬಡಿಯುತ್ತಾನೆ. ಯಾಕೆ? ಡೇವಿಡ್ ಆಡಿದ ಮಾತಿಗೆ ಪರದೆಯಲ್ಲಿ ಸಬ್‌ಟೈಟಲ್ ಇಲ್ಲ. ಆ ಭಾಷೆ ರೂಪಿಸಿದ ಭಾಷಾವಿಜ್ಞಾನಿ ಅನಿಲ್ ಬಿಲ್ಟೂ ಆಮೇಲೆ ಅರ್ಥ ಹೇಳಿದ್ದಾರೆ: ಈ ಮನುಷ್ಯನಿಗೆ ಸಾಯಲು ಇಷ್ಟವಿಲ್ಲ, ನೀನು ಆಯುಷ್ಯ ಕೊಡಬಲ್ಲೆ ಎಂದು ನಂಬಿ ಬಂದಿದ್ದಾನೆ ಅಂತ. ಚಿತ್ರ ಶುರುವಾಗುವುದು ಜಲಪಾತದ ತುದಿಯಲ್ಲಿ ಕಪ್ಪು ದ್ರವ ಕುಡಿದು, ತನ್ನ ಮೈಯನ್ನೇ ಕರಗಿಸಿ ನೀರಿಗೆ ಬಿದ್ದ ಎಂಜಿನಿಯರ್‌ನಿಂದ ಅನ್ನುವುದು ನೆನಪಿರಲಿ. ಜೀವ ಹುಟ್ಟಲಿ ಅಂತ ತಾನು ಸಾಯುವ ಕುಲದವನ ಮುಂದೆ, ಸಾವು ಬೇಡ ಎಂದು ಕೈಯೊಡ್ಡಿದರೆ ಅವನಿಗೆ ಹೇಸಿಗೆ ಆಗದೆ ಇನ್ನೇನು? ಹೀಗೆ ಓದಿದರೆ ದೃಶ್ಯ ಸೊಗಸಾಗಿದೆ. ಆದರೆ ಅದನ್ನು ಓದಲು ಬೇಕಾದ ವಾಕ್ಯವನ್ನೇ ಅನುವಾದಿಸಲಿಲ್ಲ. ಎಂಜಿನಿಯರ್ ತಿರುಗಿ ಮಾತಾಡುವ ಉದ್ದನೆಯ ಆವೃತ್ತಿಯೂ ಆ ಡಿಸ್ಕಿನಲ್ಲಿದೆ.

ಭಾಷೆಯ ಮಾತು ಬಂತು, ಇಲ್ಲೊಂದು ಸ್ವಾರಸ್ಯ. ಉಳಿದವರೆಲ್ಲ ನಿದ್ದೆಯಲ್ಲಿರುವಾಗ ಡೇವಿಡ್ ಪರದೆಯ ಮುಂದೆ ಪಾಠ ಕಲಿಯುತ್ತಾನಲ್ಲ, ಪಾಠ ಹೇಳುವ ಮೇಷ್ಟ್ರು ಸ್ವತಃ ಬಿಲ್ಟೂ ಅವರೇ. ಒಪ್ಪಿಸುವ ಪಾಠ ಆಗಸ್ಟ್ ಷ್ಲೈಖರ್ ಎಂಬ ಜರ್ಮನ್ ವಿದ್ವಾಂಸ 1868ರಲ್ಲಿ ಆದಿ ಇಂಡೋ-ಯುರೋಪಿಯನ್ ಭಾಷೆಯನ್ನು (ಸಂಸ್ಕೃತ, ಗ್ರೀಕ್, ಇಂಗ್ಲಿಷ್ ಮುಂತಾದವುಗಳ ಮೂಲ ಭಾಷೆ) ಊಹಿಸಿ ಬರೆದ ಕುರಿ-ಕುದುರೆ ಕಥೆ, ಉಚ್ಚಾರಣೆ ಸ್ವಲ್ಪ ತಿದ್ದಿದ್ದು. ಷ್ಲೈಖರ್ ಬರೆದ ಮೊದಲ ಸಾಲು ಹೆಚ್ಚುಕಡಿಮೆ ಹೀಗಿದೆ: 'ಅವಿಸ್, ಯಸ್ಮಿನ್ ವರ್ಣಾ ನ ಆ ಅಸ್ತ್, ದದರ್ಕ ಅಕ್ವಂಸ್.' ಉಣ್ಣೆಯಿಲ್ಲದ ಕುರಿಯೊಂದು ಕುದುರೆಗಳನ್ನು ಕಂಡಿತು ಅಂತ. ಸಂಸ್ಕೃತದ ಗಂಧ ಇದ್ದವರಿಗೆ ಅರ್ಥ ಹೇಳಿಕೊಡಬೇಕಿಲ್ಲ: ಅವಿ ಅಂದರೆ ಕುರಿ, ದದರ್ಕ ನಮ್ಮ ದದರ್ಶ, ಅಕ್ವ ನಮ್ಮ ಅಶ್ವ. ವರ್ಣಾ ಅಂದರೆ ಊರ್ಣಾ, ಅದೇ ಸವೆದು ಕನ್ನಡದಲ್ಲಿ ಉಣ್ಣೆ ಆಗಿ ಕೂತಿದೆ.

ಇಲ್ಲೇ ಒಂದು ತಪ್ಪೂ ಇದೆ. ನೋಡುಗರು ಇದನ್ನು ಎತ್ತುವುದು ಕಡಿಮೆ. ಎಂಜಿನಿಯರುಗಳನ್ನು ಗುಹೆ-ಗೋಡೆಗಳ ಮೇಲೆ ಚಿತ್ರಿಸಿದವರು ಈಜಿಪ್ಟ್, ಮಾಯಾ, ಸುಮೇರಿಯಾ, ಬ್ಯಾಬಿಲೋನಿಯಾ, ಹವಾಯಿ, ಮೆಸೊಪೊಟೇಮಿಯಾದವರು ಅಂತ ತಂಡದ ಪುರಾತತ್ವಜ್ಞ ಹಾಲೋವೇ ಪಟ್ಟಿ ಕೊಡುತ್ತಾನೆ. ಈಜಿಪ್ಟ್, ಮಾಯಾ, ಸುಮೇರಿಯಾ, ಬ್ಯಾಬಿಲೋನಿಯಾ, ಹವಾಯಿ, ಇವರಲ್ಲಿ ಒಬ್ಬರ ಭಾಷೆಯೂ ಇಂಡೋ-ಯುರೋಪಿಯನ್ ಅಲ್ಲ! ನಮ್ಮ ಕನ್ನಡದ ತಾಯಿಬೇರೂ ಅದಲ್ಲ. ಹಾಗಿರುವಾಗ ದೈತ್ಯರ ಭಾಷೆಗೆ ಅದೇ ಕೀಲಿಕೈ ಹೇಗಾಯಿತು? ಇನ್ನು ಸುಮೇರಿಯಾ, ಬ್ಯಾಬಿಲೋನಿಯಾ ಎರಡೂ ಇದ್ದದ್ದು ಮೆಸೊಪೊಟೇಮಿಯಾದಲ್ಲೇ. ಮೈಸೂರು, ಮಂಡ್ಯ, ಕರ್ನಾಟಕ ಅಂತ ಮೂರು ಊರು ಎಣಿಸಿದ ಹಾಗಾಯಿತು. ಪುರಾತತ್ವಜ್ಞನ ಬಾಯಲ್ಲಿ ಇದು ಬರಬಾರದಿತ್ತು.

ಲೆಕ್ಕದ ತಪ್ಪುಗಳಂತೂ ಒಂದೊಂದೂ ಮುತ್ತು. ಹಡಗು ಮೊದಲು ಕಾಣುವಾಗ ಪರದೆಯ ಮೇಲೆ ಭೂಮಿಯಿಂದ ದೂರ ಬರುತ್ತದೆ: ನಮ್ಮ ಲೆಕ್ಕದಲ್ಲಿ 3.27 ಕೋಟಿ ಕೋಟಿ ಕಿ.ಮೀ., ಅಂದರೆ ಸುಮಾರು 34.5 ಜ್ಯೋತಿರ್ವರ್ಷ. ಆಮೇಲೆ ವಿಕರ್ಸ್ ತಾನು ಭೂಮಿಯಿಂದ ಅರ್ಧ ಬಿಲಿಯನ್ ಮೈಲಿ ದೂರ ಬಂದವಳು ಅನ್ನುತ್ತಾಳೆ. ಅದು 80 ಕೋಟಿ ಕಿ.ಮೀ. ಸೂರ್ಯನಿಂದ ಗುರುಗ್ರಹಕ್ಕೇ 78 ಕೋಟಿ ಕಿ.ಮೀ. ಇದೆ. ಖಗೋಳವಿಜ್ಞಾನಿ ನೀಲ್ ಡಿಗ್ರಾಸ್ ಟೈಸನ್ ಇದನ್ನೇ ಹಿಡಿದು ಆಡಿಕೊಂಡಿದ್ದರು. ಪರದೆಯ ಅಂಕಿಗೂ ಅವಳ ಮಾತಿಗೂ ನಾಲ್ಕು ಲಕ್ಷ ಪಟ್ಟು ಅಂತರ. ಪ್ರಯಾಣಕ್ಕೆ ಎಷ್ಟು ಕಾಲ ಹಿಡಿಯಿತು ಅಂದರೆ ಡೇವಿಡ್ ಹೇಳುತ್ತಾನೆ: ಎರಡು ವರ್ಷ, ನಾಲ್ಕು ತಿಂಗಳು, 18 ದಿನ, 36 ಗಂಟೆ, 15 ನಿಮಿಷ. 36 ಗಂಟೆಯಲ್ಲಿ ಒಂದು ಇಡೀ ದಿನ ಕೂತಿದೆ. 19 ದಿನ, 12 ಗಂಟೆ ಅನ್ನಬೇಕಿತ್ತು. ಡೇವಿಡ್ ಬೇಕಂತಲೇ ಆಟ ಆಡಿಸುತ್ತಿದ್ದಾನೆ ಅನ್ನುವ ಅಭಿಮಾನಿಗಳಿದ್ದಾರೆ. ಬರೆದವರು ಕೂಡಿಸಿ ನೋಡಲಿಲ್ಲ ಅನ್ನುವುದೇ ಸರಳ.

ಗಾಳಿಯದ್ದೂ ಹಾಗೇ. ಇಂಗಾಲದ ಡೈಆಕ್ಸೈಡ್ ಶೇ. 3 ದಾಟಿದೆ, ಸೂಟಿಲ್ಲದೆ ಎರಡೇ ನಿಮಿಷಕ್ಕೆ ಸಾವು ಅನ್ನುತ್ತಾರೆ. ನಾವು ಹೊರಬಿಡುವ ಉಸಿರಲ್ಲೇ ಅದು ಶೇ. 4ರಷ್ಟಿರುತ್ತದೆ. ಶೇ. 3ರಲ್ಲಿ ಉಸಿರು ಜೋರಾಗುತ್ತೆ, ತಲೆ ನೋಯುತ್ತೆ. ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬೇಕಾದರೆ ಶೇ. 10ರ ಹತ್ತಿರ ಬೇಕು. ಹೆಣದ ವಯಸ್ಸನ್ನು ಕಾರ್ಬನ್ ಯಂತ್ರ ಹಿಡಿದು 2,000 ವರ್ಷ ಅಂತ ಹೇಳುವುದೂ ನಡೆಯದ ಮಾತು. ಆ ವಿಧಾನ ನಿಂತಿರುವುದೇ ಭೂಮಿಯ ಗಾಳಿಯಲ್ಲಿ ಕಾರ್ಬನ್-14 ಎಷ್ಟಿತ್ತು ಅನ್ನುವ ಲೆಕ್ಕದ ಮೇಲೆ. ಬೇರೆ ಲೋಕದ ಗಾಳಿ ಉಸಿರಾಡಿದವನಿಗೆ ಆ ಪಟ್ಟಿ ಹೊಂದುವುದಿಲ್ಲ.

ಶಸ್ತ್ರಚಿಕಿತ್ಸೆಯ ಪೆಟ್ಟಿಗೆ ಬಗ್ಗೆ ಮಾತ್ರ ಬೈದವರದೇ ಅರ್ಧ ತಪ್ಪು. ವಿಕರ್ಸ್ ಎಂಬ ಹೆಣ್ಣಿನ ಕೋಣೆಯಲ್ಲಿ ಗಂಡಸರಿಗೆ ಮಾತ್ರ ಹೊಂದಿಸಿದ ಯಂತ್ರ ಯಾಕೆ ಅಂತ ಕೇಳುತ್ತಾರೆ. ವೇಲ್ಯಾಂಡ್ ಸತ್ತಿಲ್ಲ, ಹಡಗಲ್ಲೇ ಇದ್ದಾನೆ ಅನ್ನುವ ಸುಳಿವೇ ಅದು, ಚೆನ್ನಾಗಿ ಅಡಗಿಸಿಟ್ಟದ್ದು. ತಂಡದ ವಿಜ್ಞಾನಿ ಎಲಿಜಬೆತ್ ಶಾ ತನ್ನ ಹೊಟ್ಟೆಯಲ್ಲಿ ಬೆಳೆಯುತ್ತಿರುವ ಅನ್ಯಜೀವಿಯನ್ನು ತೆಗೆಸಲು ಸಿಸೇರಿಯನ್ ಕೇಳಿದಾಗ ಯಂತ್ರ ಒಲ್ಲೆ ಅನ್ನುತ್ತದೆ. ಅವಳು ಹೊಟ್ಟೆಯಲ್ಲಿ ಹೊರಗಿನ ವಸ್ತು ಸೇರಿದೆ ಅಂತ ದಾರಿ ಬದಲಿಸುತ್ತಾಳೆ. ಇಡೀ ಚಿತ್ರದಲ್ಲಿ ವಿಜ್ಞಾನಿಯೊಬ್ಬಳು ವಿಜ್ಞಾನಿಯಂತೆ ತಲೆ ಓಡಿಸುವ ಜಾಗ ಇದೊಂದೇ. ತಪ್ಪು ಇರುವುದು ಆಮೇಲೆ. ನಿಜವಾದ ಸಿಸೇರಿಯನ್‌ನಲ್ಲಿ ಗರ್ಭಕೋಶ, ಸ್ನಾಯುವಿನ ಮೇಲಿನ ಗಟ್ಟಿ ಪೊರೆ, ಚರ್ಮ ಎಲ್ಲಕ್ಕೂ ಪದರ ಪದರವಾಗಿ ಹೊಲಿಗೆ ಬೀಳಬೇಕು. ಇಲ್ಲಿ ಮೇಲ್ಚರ್ಮಕ್ಕೆ ಸ್ಟೇಪ್ಲರ್ ಪಿನ್ ಹೊಡೆದು ಕಳಿಸುತ್ತಾರೆ. ಅವಳು ಓಡುತ್ತಾಳೆ, ಕಂದಕ ಹಾರುತ್ತಾಳೆ. ನೋವಿನ ಚುಚ್ಚುಮದ್ದು ನೋವು ಮರೆಸೀತು, ಬಿರಿದ ಸ್ನಾಯುವನ್ನು ಹಿಡಿದಿಡಲಾರದು.

ಕೊನೆಯಲ್ಲಿ ಉರುಳಿ ಬರುವ ಎಂಜಿನಿಯರ್ ಹಡಗಿನ ನೇರಕ್ಕೇ ಶಾ, ವಿಕರ್ಸ್ ಇಬ್ಬರೂ ಓಡುತ್ತಾರಲ್ಲ, ಪಕ್ಕಕ್ಕೆ ಸರಿಯಬಾರದಿತ್ತೇ ಅನ್ನುವ ನಗೆಗೆ ನನ್ನ ಹತ್ತಿರ ಉತ್ತರವಿಲ್ಲ. ಸರಿಯಬೇಕಿತ್ತು.

ಇನ್ನು ನಿರೀಕ್ಷೆಯ ಗುಡ್ಡೆ. ಏಲಿಯನ್‌ನ ಕುರ್ಚಿ, ಅದೇ ದೈತ್ಯ, ಅದೇ ಮೊಟ್ಟೆಗಳು ಸಿಗುತ್ತವೆ ಅಂತ ಹೋದವರು ಮೋಸ ಹೋದೆವು ಅನ್ನುತ್ತಾರೆ. ಜಾಗವೇ ಬೇರೆ: ಹಳೆಯದು ಎಲ್‌ವಿ-426, ಇದು ಎಲ್‌ವಿ-223. ಇಲ್ಲಿನ ಎಂಜಿನಿಯರ್ ಕುರ್ಚಿಯಲ್ಲಿ ಸಾಯುವುದೂ ಇಲ್ಲ. ಜಾನ್ ಸ್ಪೇಟ್ಸ್ ಬರೆದ ಮೊದಲ ಚಿತ್ರಕಥೆಯಲ್ಲಿ ಹಳೆಯ ರಾಕ್ಷಸ ಪ್ರಾಣಿ ಇತ್ತು. ಡೇಮನ್ ಲಿಂಡೆಲಾಫ್ ಬಂದ ಮೇಲೆ ಅದನ್ನು ಹಿಂದೆ ಸರಿಸಿ ಸೃಷ್ಟಿಕರ್ತರ ಪ್ರಶ್ನೆಯನ್ನು ಮುಂದೆ ತಂದರು. ಜಾಹೀರಾತು ಮಾತ್ರ ಹಳೆಯ ಆಸೆಯನ್ನೇ ಮಾರಿತು. ಆದರೆ ದೈತ್ಯನನ್ನು ಕುಗ್ಗಿಸಿದ್ದಕ್ಕೆ ಬೈದರೆ ನಾನೂ ದನಿಗೂಡಿಸುತ್ತೇನೆ. 1979ರ ಆ ಆಕೃತಿ 26 ಅಡಿ ಎತ್ತರದ್ದು. ಅದು ಸಾಲದೆಂದು ಸ್ಕಾಟ್ ಚಿಕ್ಕ ಮಕ್ಕಳಿಗೆ ಅಂತರಿಕ್ಷದ ಸೂಟು ಹಾಕಿಸಿ ಪಕ್ಕ ನಿಲ್ಲಿಸಿ ಇನ್ನೂ ದೊಡ್ಡದು ಮಾಡಿ ತೋರಿಸಿದ್ದರು. ಅದೇ ನಿರ್ದೇಶಕರು 33 ವರ್ಷದ ಮೇಲೆ, ಅದೆಲ್ಲ ಬರೀ ಸೂಟು, ಒಳಗಿರುವವನು ಏಳೆಂಟಡಿಯ ಬೋಳುತಲೆಯ ಮನುಷ್ಯ ಅಂದುಬಿಟ್ಟರು.

ಕಪ್ಪು ದ್ರವಕ್ಕೆ ನಿಯಮವೇ ಇಲ್ಲ ಅನ್ನುವವರಿಗೆ ಅಭಿಮಾನಿಗಳ ಉತ್ತರ: ಪ್ರಮಾಣ ಮತ್ತು ಪಾತ್ರೆ ನೋಡಿ. ಬಟ್ಟಲು ತುಂಬ ಕುಡಿದವನು ಕರಗಿದ, ಒಂದೇ ಹನಿ ಕುಡಿದ ಹಾಲೋವೇ ನಿಧಾನ ಕೊಳೆತ, ಹುಳು ಹಾವಾಯಿತು. ಸರಿ ಅನ್ನಬಹುದು. ಅದರಲ್ಲಿ ಮುಖ ಮುಳುಗಿದ ಫೈಫೀಲ್ಡ್ ಎದ್ದು ಬಂದು ಎಲ್ಲರನ್ನೂ ಬಡಿಯುವುದು ಮಾತ್ರ ಯಾವ ನಿಯಮಕ್ಕೂ ಒಗ್ಗುವುದಿಲ್ಲ.

ನೋಡುವ ಕ್ರಮ ಹೇಳಿಬಿಡುತ್ತೇನೆ. ಏಲಿಯನ್ ಒಂದು ದಿನ. ಮರುದಿನ ಪ್ರೊಮೀಥಿಯಸ್, 124 ನಿಮಿಷ, ಕೋಣೆ ಕತ್ತಲು ಮಾಡಿಕೊಂಡು. ಗುಹೆಯ ದೃಶ್ಯಗಳು ಬೆಳಕಿದ್ದರೆ ಮಸಿಯಂತೆ ಕಾಣುತ್ತವೆ. ಕೈಬಿಟ್ಟ ದೃಶ್ಯಗಳನ್ನು ಮಧ್ಯೆ ತೂರಿಸಬೇಡ, ಪೂರ್ತಿ ಮುಗಿಸಿ ಆಮೇಲೆ ನೋಡು: ಹುಳು, ಎಂಜಿನಿಯರ್ ಮಾತು, ಆರಂಭದ ದೃಶ್ಯದ ಉದ್ದ ರೂಪ, ಈ ಮೂರು ಸಾಕು. 2017ರ 'ಏಲಿಯನ್: ಕವನೆಂಟ್' ಬೇಕಿದ್ದರೆ ಒಂದು ವಾರ ಬಿಟ್ಟು.

ಮೈಕಲ್ ಫಾಸ್‌ಬೆಂಡರ್ ಮೇಲೆ ಮಾತ್ರ ಒಂದು ಕಣ್ಣಿಟ್ಟಿರು. ಬೈದವರೂ ಬೈಯದೆ ಬಿಟ್ಟದ್ದು ಅವನ ಡೇವಿಡ್‌ನನ್ನೇ. ಬಿಲಿಯರ್ಡ್ಸ್ ಮೇಜಿನ ಬಳಿ ಕುಡಿದು ಕೂತ ಹಾಲೋವೇಯನ್ನು ಅವನು ಕೇಳುತ್ತಾನೆ: ನನ್ನನ್ನು ಯಾಕೆ ಮಾಡಿದಿರಿ? ಮಾಡಲು ಬರುತ್ತಿತ್ತು, ಮಾಡಿದೆವು ಅಂತ ಉತ್ತರ. ನಿಮ್ಮನ್ನು ಮಾಡಿದವನೂ ಇದೇ ಉತ್ತರ ಕೊಟ್ಟರೆ ನಿಮಗೆಷ್ಟು ಬೇಸರವಾದೀತು ಅನ್ನುತ್ತಾನೆ ಡೇವಿಡ್. ಆಮೇಲೆ ಕಪ್ಪು ದ್ರವ ಅಂಟಿದ ಬೆರಳ ತುದಿಯನ್ನು ಹಾಲೋವೇಯ ಲೋಟಕ್ಕೆ ಅದ್ದುತ್ತಾನೆ. ಅದ್ದುವ ಮೊದಲು ಅವನು ಹಾಲೋವೇಯಿಂದ ಒಂದು ಮಾತು ಹೊರಡಿಸಿಕೊಳ್ಳುತ್ತಾನೆ, ಅದು ಒಪ್ಪಿಗೆಯಂತೆ ಕೇಳುತ್ತದೆ. ಒಪ್ಪಿಗೆಯೋ ಅಲ್ಲವೋ, ನೋಡಿ ಬರೆ.

ಇಂತಿ,
ನಿನ್ನ ಗೆಳೆಯ