ಯಾಕೆ ಅಂತ ಕೇಳಿದವರು ಅಜ್ಜಿ ಒಬ್ಬರೇ

ಪ್ರೀತಿಯ ಪೊನ್ನು,

ಅಮೆರಿಕದಲ್ಲಿ ಕಾಯಂ ಇರಲು ಬೇಕಾದ ಗ್ರೀನ್ ಕಾರ್ಡ್ ಬಂತು ಅಂತ ಫೋಟೊ ಕಳಿಸಿದಾಗ ನೀನು "ಇನ್ನು ನೀನು ಅಲ್ಲಿಯವನೇ ಬಿಡು" ಅಂದೆ. ಖುಷಿಯಿಂದಲೇ ಅಂದದ್ದು, ಗೊತ್ತು. ಆದರೆ ಆ ಮಾತು ಮೂರು ವಾರದಿಂದ ನನ್ನನ್ನು ಕೊರೆಯುತ್ತಿದೆ. ಯಾಕೆ ಅಂತ ಇವತ್ತು ಬರೆಯುತ್ತೇನೆ. ಎಲ್ಲರೆದುರಿಗೇ ಬರೆಯುತ್ತೇನೆ. ನಿನಗೊಬ್ಬನಿಗೆ ಬರೆಯಲು ಎರಡು ಸಲ ಕೂತೆ, ಎರಡು ಸಲವೂ ನಮ್ಮಿಬ್ಬರ ಹಳೆಯ ಸೀತಾಫಲದ ಕಥೆಗೇ ಹೋಗಿ ನಿಂತೆ.

ನೀನು ಎಷ್ಟೋ ಸಲ ಕೇಳಿದ್ದೆ, ಟೆಕ್ಸಾಸಿನಲ್ಲಿ ನಿಜವಾಗಿಯೂ ಅಂಗಡಿಗೆ ಹೋಗಿ ಕೋವಿ ತರಬಹುದಾ ಅಂತ. ನಾನು ಪೇಪರಿನಲ್ಲಿ ಓದಿದ್ದನ್ನೇ ಹೇಳುತ್ತಿದ್ದೆ. 1791ರಲ್ಲಿ ಅಮೆರಿಕದ ಸಂವಿಧಾನಕ್ಕೆ ಸೇರಿಸಿದ ಒಂದು ವಾಕ್ಯ. ಅದರ ಮೊದಲರ್ಧದಲ್ಲಿ ಊರವರೇ ಸೇರಿದ ಸೇನೆಯ ಮಾತು, ಉಳಿದರ್ಧದಲ್ಲಿ ಆಯುಧ ಇಟ್ಟುಕೊಳ್ಳುವ ಜನರ ಹಕ್ಕಿನ ಮಾತು. ಯಾವ ಅರ್ಧ ದೊಡ್ಡದು ಅನ್ನುವುದೇ ಜಗಳ. 2008ರಲ್ಲಿ ಸುಪ್ರೀಂ ಕೋರ್ಟು ಇದು ಒಬ್ಬೊಬ್ಬನಿಗೂ ಇರುವ ಹಕ್ಕು ಅಂದಿತು. 2021ರ ಸೆಪ್ಟೆಂಬರಿನಿಂದ ಟೆಕ್ಸಾಸಿನಲ್ಲಿ 21 ದಾಟಿದ ಹೆಚ್ಚಿನವರು ಪರ್ಮಿಟ್ ಇಲ್ಲದೆಯೇ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ಇಷ್ಟು ಹೇಳಿ, "ಹುಚ್ಚು ಜನ" ಅಂತ ಸೇರಿಸುತ್ತಿದ್ದೆ. ಹಾಗೆ ಅಂದದ್ದು ತಪ್ಪು. ನಮ್ಮ ಬೀದಿಯ ತುದಿಯ ಮನೆಯ ಮುದುಕರು ಹಳ್ಳಿಯಲ್ಲಿ ಬೆಳೆದವರು. ಅಲ್ಲಿ ಪೊಲೀಸರು ಬರಲು ಗಂಟೆ ಹಿಡಿಯುತ್ತಿತ್ತಂತೆ. ಅವರು ಕೋವಿಯ ಬಗ್ಗೆ ಮಾತಾಡುವಾಗ ನನಗೆ ನಿಮ್ಮಪ್ಪನೇ ನೆನಪಾಗುತ್ತಾರೆ.

ಅಂಗಡಿಯ ವಿಷಯವನ್ನು ಮಾತ್ರ ನಿನಗೆ ಹೇಳಿರಲಿಲ್ಲ.

2023ರ ಮೇ 6ಕ್ಕೆ ಡಲ್ಲಾಸ್ ಹತ್ತಿರದ ಆಲೆನ್‌ನ ಮಾಲ್‌ನಲ್ಲಿ ಒಬ್ಬ ಗುಂಡು ಹಾರಿಸಿ ಎಂಟು ಜನರನ್ನು ಕೊಂದ. ನಾವು ಮಗಳಿಗೆ ಸ್ಕೂಲಿನ ಬೂಟು ತಂದದ್ದು ಅಲ್ಲಿಂದಲೇ. ಅದಾದ ಹತ್ತು ದಿನಕ್ಕೆ ನಾನು ಕೋವಿ ಅಂಗಡಿಗೆ ಹೋದೆ. ಮನೆಯ ಸೇಫ್ಟಿಗೆ ಅಂತ ಹೆಂಡತಿಗೆ ಹೇಳಿದೆ. ಆ ಹೊತ್ತಿಗೆ ನನ್ನ ಕೆಲಸ ಹೋಗಿ ತಿಂಗಳಾಗಿತ್ತು. ಎಚ್-1ಬಿ ಅನ್ನುವ ಕೆಲಸದ ವೀಸಾದವನಿಗೆ ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ದಾರಿ ಆಗದಿದ್ದರೆ ಗಂಟುಮೂಟೆ ಕಟ್ಟಬೇಕು. ರಾತ್ರಿ ನಿದ್ದೆ ಇರಲಿಲ್ಲ. ಊಟ ಸೇರುತ್ತಿರಲಿಲ್ಲ.

ಅಂಗಡಿಯವನು ಒಳ್ಳೆಯ ಮನುಷ್ಯ. ಒಂದು ಫಾರಂ ಕೊಟ್ಟ. 4473 ಅಂತ ಅದರ ನಂಬರು. ಜೈಲಿಗೆ ಹೋಗುವಂಥ ಅಪರಾಧ ಮಾಡಿದ್ದೀಯಾ, ಮಾದಕವಸ್ತು ಸೇವಿಸುತ್ತೀಯಾ, ಹೀಗೆ ಸಾಲು ಸಾಲು ಪ್ರಶ್ನೆ. ಅವುಗಳಲ್ಲಿ ಒಂದು, ತಾತ್ಕಾಲಿಕ ವೀಸಾದಲ್ಲಿ ಬಂದವನಾ ಅಂತ. ಹೌದು ಅಂತ ಗುರುತು ಹಾಕಿದೆ. ಅವನು ಓದಿ ತಲೆ ಅಲ್ಲಾಡಿಸಿದ. ವೀಸಾದವರಿಗೆ ಕೊಡುವ ಹಾಗಿಲ್ಲ, ಬೇಟೆಯ ಲೈಸೆನ್ಸ್ ಇದ್ದರೆ ಮಾತ್ರ ಆಗುತ್ತದೆ, ಸಾರಿ ಅಂದ. ಹೊರಗೆ ಬಂದು ಕಾರಿನಲ್ಲಿ ಕೂತೆ. ಒಂದು ಗಂಟೆ ಕೂತೇ ಇದ್ದೆ.

ಪೊನ್ನು, ನಾನು ಕಳ್ಳರ ಭಯಕ್ಕೆ ಹೋಗಿರಲಿಲ್ಲ ಕಣೋ.

47ನೇ ದಿನ ಕೆಲಸ ಸಿಕ್ಕಿತು. ಅದಕ್ಕೂ ಮೊದಲೇ ಆ ಗಳಿಗೆ ದಾಟಿಹೋಗಿತ್ತು. ಅಂಥ ಗಳಿಗೆ ಎಷ್ಟೋ ಸಲ ಬಲು ಚಿಕ್ಕದಾಗಿರುತ್ತದೆ ಅಂತ ಆಮೇಲೆ ಡಾಕ್ಟರು ಹೇಳಿದರು. ಅಮೆರಿಕದಲ್ಲಿ 2021ರಲ್ಲಿ ಗುಂಡಿನಿಂದ ಸತ್ತವರು 48,830 ಜನ. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಮ್ಮ ಕೈಯಾರೆ ಹೋದವರು. ಟಿವಿಯಲ್ಲಿ ಮಾಲ್ ಬರುತ್ತದೆ, ಸ್ಕೂಲು ಬರುತ್ತದೆ. ಇವರು ಬರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕೋವಿ ಕೊಂಡರೆ ಕೈಗೆ ಬರಲು ಹತ್ತು ದಿನ ಕಾಯಬೇಕು. ಟೆಕ್ಸಾಸಿನಲ್ಲಿ ಅಂಥ ನಿಯಮ ಇಲ್ಲ. ಹತ್ತು ದಿನ ಅಂದರೆ ಏನು ಅಂತ ನನಗೆ ಈಗ ಗೊತ್ತು.

ಕೊಡಗಿನ ನಿಮ್ಮ ಮನೆಯ ಜೋಡುನಳಿಗೆ ಕೋವಿ ಗೋಡೆಯ ಮೇಲೆ ಎಲ್ಲರಿಗೂ ಕಾಣುವ ಹಾಗೇ ಇತ್ತು. ಕೊಡವರಿಗೂ, ವಂಶದಿಂದ ವಂಶಕ್ಕೆ ಬರುವ ಜಮ್ಮಾ ಭೂಮಿಯವರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ಇದೆ. ಈಗಲೂ 2029ರ ಅಕ್ಟೋಬರ್‌ವರೆಗೆ ಇದೆ. ಮೇಷ್ಟ್ರ ಮಗನಾದ ನಾನು ಅಲ್ಲೂ ಹೊರಗಿನವನೇ. ಆದರೂ ಆ ಕೋವಿಗೆ ನಾನು ಒಂದು ದಿನವೂ ಹೆದರಲಿಲ್ಲ. ಯಾಕೆ ಅಂತ ಇತ್ತೀಚೆಗೆ ಹೊಳೆಯಿತು. ಗುಂಡಿನ ತೋಟೆಯ ಪೆಟ್ಟಿಗೆಯ ಬೀಗದ ಕೈ ಅಜ್ಜಿಯ ಸೊಂಟದಲ್ಲಿತ್ತು. ಹಂದಿ ಗದ್ದೆಗೆ ನುಗ್ಗಿದರೂ ನಿಮ್ಮಪ್ಪ ಹೋಗಿ ಅವರ ಮುಂದೆ ನಿಲ್ಲಬೇಕಿತ್ತು. ಅಜ್ಜಿ ಮುಖ ನೋಡುತ್ತಿದ್ದರು. "ಯಾಕೆ?" ಅಂತಿದ್ದರು. ಆಮೇಲೆ ಗಂಟು ಬಿಚ್ಚುತ್ತಿದ್ದರು.

ಆ ಫಾರಂನಲ್ಲಿ ಅಷ್ಟೊಂದು ಪ್ರಶ್ನೆ ಇತ್ತು. ಯಾಕೆ ಅನ್ನುವುದು ಇರಲಿಲ್ಲ. ನ್ಯೂಯಾರ್ಕ್‌ನಲ್ಲಿ ಪಿಸ್ತೂಲು ಬಚ್ಚಿಟ್ಟುಕೊಂಡು ಓಡಾಡಲು ಸರಿಯಾದ ಕಾರಣ ಕೊಡಬೇಕು ಅಂತ ನೂರು ವರ್ಷಕ್ಕೂ ಹಳೆಯ ನಿಯಮ ಇತ್ತು. 2022ರಲ್ಲಿ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು. ಹಕ್ಕು ಇರುವವನು ಕಾರಣ ಯಾಕೆ ಕೊಡಬೇಕು ಅನ್ನುವುದು ಅವರ ವಾದ. ವಾದ ನನಗೆ ಅರ್ಥವಾಗುತ್ತದೆ. ಆದರೆ ಅವತ್ತು ಆ ಕೌಂಟರಿನಲ್ಲಿ ಯಾರಾದರೂ ನನ್ನ ಮುಖ ನೋಡಿ ಯಾಕೆ ಅಂತ ಕೇಳಿದ್ದರೆ ನಾನು ಅತ್ತುಬಿಡುತ್ತಿದ್ದೆ.

ನಾನು ಹೊರಗಿನವನು ಅನ್ನುವ ಒಂದೇ ಕಾರಣಕ್ಕೆ ಉಳಿದುಕೊಂಡೆ. ಈಗ ಗ್ರೀನ್ ಕಾರ್ಡ್ ಇದೆ, ತಾತ್ಕಾಲಿಕ ವೀಸಾದವನಾ ಅನ್ನುವ ಆ ಪ್ರಶ್ನೆಗೆ ನನ್ನ ಉತ್ತರ "ಅಲ್ಲ". ನಿನ್ನ ಮಾತು ಕೊರೆದದ್ದು ಇದಕ್ಕೇ. ನಿನ್ನೆ ರಾತ್ರಿ ಇವಳಿಗೆ ಎಲ್ಲ ಹೇಳಿದೆ. ನಮ್ಮ ಮನೆಗೆ ಕೋವಿ ಬರುವುದಿಲ್ಲ ಅಂತ ಇಬ್ಬರೂ ಮಾತಾಡಿಕೊಂಡೆವು. ಓದುತ್ತಿರುವ ಬೇರೆ ಯಾರಿಗಾದರೂ ಅಂಥ ರಾತ್ರಿ ಬಂದರೆ ಒಬ್ಬರಿಗಾದರೂ ಫೋನ್ ಮಾಡಿ, ದಯವಿಟ್ಟು. ಸಹಾಯವಾಣಿಯ ನಂಬರು ಭಾರತದಲ್ಲಿ 14416, ಇಲ್ಲಿ 988.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಸಾಕು ಬಿಡು. ಸೆಪ್ಟೆಂಬರ್ 3ಕ್ಕೆ ನಿಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಬರುತ್ತಿದ್ದೇವೆ, ಟಿಕೆಟ್ ಆಗಿದೆ. ಕೋವಿಗೆ ಇಡುವ ತೋಕ್‌ಪೂ ಹೂ ಕೀಳಲು ಮಗಳನ್ನು ಜೊತೆಗೆ ಕರೆದುಕೊಂಡು ಹೋಗು. ಕಡಂಬುಟ್ಟು ಎರಡು ಜಾಸ್ತಿ ಇರಲಿ, ಪಂದಿಕರಿ ಇವಳಿಗೆ ಗೊತ್ತಾಗದ ಹಾಗೆ ಜಾಸ್ತಿ ಇರಲಿ. ತೆಂಗಿನಕಾಯಿಗೆ ಗುಂಡು ಹೊಡೆಯುವಾಗ ಈ ಸಲವೂ ನಾನು ಎಣಿಸುವ ಕೆಲಸಕ್ಕೇ. ಆ ಹಳದಿ ಕೊಡೆ ಮಾತ್ರ ಹೊರಗೆ ತೆಗೆಯಬೇಡ ಮಾರಾಯ.

ನಿನ್ನ,
ಮೇಷ್ಟ್ರ ಮಗ